ಗಬ್ಬೂರ ಗಂಗಪ್ಪನ ಬೋರ್ಡು ಗೋಡೆಗೆ ಮುಖ ಮಾಡಿದ್ದು

ಗಬ್ಬೂರ ಬೈಪಾಸಿನ ಬದಿಯಲ್ಲಿ ಸೂರ್ಯನಿಗಿಂತ ಮೊದಲು ಏಳುವವರು ಇಬ್ಬರೇ. ಒಬ್ಬ ಗಂಗಪ್ಪ, ಇನ್ನೊಬ್ಬಳು ಅವನ ಹೆಂಡತಿ ದೇವಕ್ಕ. ಸೂರ್ಯನಿಗೂ ಇದು ಗೊತ್ತಿರುವುದರಿಂದ ಅವನು ಮೊದಲು ಇವರ ಶೆಡ್ಡಿನ ತಗಡಿನ ಮೇಲೆ ಬಿದ್ದು, ಹಾಜರಿ ಹಾಕಿ, ಆಮೇಲೆ ಹುಬ್ಬಳ್ಳಿ ಕಡೆ ನಡೆಯುತ್ತಾನೆ. ಇವತ್ತು ಅವನು ಬರುವ ಹೊತ್ತಿಗೆ ಗಂಗಪ್ಪ ಆಗಲೇ ಒಂದು ಹಳೇ ವ್ಯಾನಿನ ಹಿಂದಿನ ಸೀಟಿನಲ್ಲಿ ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಾನೆ. ಅದರ ಬಾಲದಂಥ ಕಪ್ಪು ವೈರು ಸ್ಟೇರಿಂಗಿನ ಕೆಳಗಿನ ಗೂಡಿನೊಳಗೆ ಹೊಕ್ಕಿದೆ. ಮುಂದಿನ ಸೀಟಿನಲ್ಲಿ ದೇವಕ್ಕ. ಅವಳ ಮಡಿಲಲ್ಲಿ ಒಂದು ಮೊರ. ಮೊರದ ತುಂಬ ತೊಗರಿ ಬೇಳೆ.

"ಬಿಡಪಾ ಗಾಡಿ," ಅನ್ನುತ್ತಾಳೆ ದೇವಕ್ಕ, ಬೇಳೆಯೊಳಗಿನ ಹರಳೊಂದನ್ನು ಹೆಕ್ಕಿ ಕಿಟಕಿಯಾಚೆ ಎಸೆಯುತ್ತ. "ಹಗರಕ ಬಿಡು. ಮಧ್ಯಾಹ್ನದ ಸಾರಿಗೆ ಇದ ಬ್ಯಾಳಿ ಐತಿ."

ಸ್ಟೇರಿಂಗ್ ಹಿಡಿದಿರುವ ಇಮಾಮಹುಸೇನ "ಬಿಸ್ಮಿಲ್ಲಾ" ಅಂದು ಗೇರು ಹಾಕುತ್ತಾನೆ. ವ್ಯಾನು ಅವನದೇ. ಅದರ ನೆತ್ತಿಯ ಮೇಲೆ ನಾಲ್ಕು ದಿಕ್ಕಿಗೂ ಬಾಯಿ ತೆರೆದುಕೊಂಡ ಧ್ವನಿವರ್ಧಕಗಳು. ಸೀರೆ ಅಂಗಡಿಯ ರಿಯಾಯಿತಿ, ನಳದಲ್ಲಿ ನೀರು ಬಾರದ ದಿನ, ತಪ್ಪಿಸಿಕೊಂಡ ಎಮ್ಮೆ, ಇವನ್ನೆಲ್ಲ ಊರಿಗೆ ಸಾರುವುದು ಅವನ ಕಸುಬು. ಇಮಾಮಹುಸೇನ ಹುಬ್ಬಳ್ಳಿಯ ದುರ್ಗದಬೈಲು ಬಜಾರಿನಲ್ಲಿ ಕೆಮ್ಮಿದರೆ ಧಾರವಾಡದ ಕೋಚಿಂಗ್ ಕ್ಲಾಸಿನ ಹುಡುಗರಿಗೆ ಬರೆಯುತ್ತಿದ್ದ ಉತ್ತರ ಮರೆತುಹೋಗುತ್ತದೆ. ಅಂಥ ದನಿಯ ಆಸಾಮಿ ಇವತ್ತು ಮೈಕು ಬಂದ್ ಮಾಡಿ, ತುಟಿ ಹೊಲಿದುಕೊಂಡು, ಹೆಣ್ಣು ನೋಡಲು ಬಂದ ವರನ ಹಾಗೆ ನೆಟ್ಟಗೆ ಕುಳಿತಿದ್ದಾನೆ.

ಮೂವರ ಬೆನ್ನಿಗೂ ಶೆಡ್ಡಿನ ಗೋಡೆ. ಗೋಡೆಯ ಮೇಲೊಂದು ಬೋರ್ಡು. ಆ ಬೋರ್ಡಿನ ಮುಖ ಒಳಗಡೆಗಿದೆ, ತುಕ್ಕು ಹಿಡಿದ ಬೆನ್ನು ಹೊರಗಡೆಗಿದೆ. ಹುಬ್ಬಳ್ಳಿ–ಧಾರವಾಡದ ಮೋಟಾರು ಲೋಕದಲ್ಲಿ ಸದ್ಯಕ್ಕೆ ಇದಕ್ಕಿಂತ ದೊಡ್ಡ ಸುದ್ದಿ ಇನ್ನೊಂದಿಲ್ಲ.

ಗಂಗಪ್ಪನ ಕೆಲಸ ಇಷ್ಟು: ಕಾರಿನೊಳಗಿರುವ ಕಂಪ್ಯೂಟರಿಗೆ ಬುದ್ಧಿ ಹೇಳುವುದು. ಈಗಿನ ಕಾರಿನಲ್ಲಿ ಎಂಜಿನ್ನಿಗೆ ಯಾವಾಗ ಎಷ್ಟು ಎಣ್ಣೆ ಕುಡಿಸಬೇಕು ಎನ್ನುವುದನ್ನು ಒಂದು ಅಂಗೈಯಗಲದ ಡಬ್ಬಿ ತೀರ್ಮಾನಿಸುತ್ತದೆ. ಕಾರು ಕಟ್ಟಿದವರು ಅದಕ್ಕೆ ಹಿಮಾಲಯಕ್ಕೂ ಹೊಂದುವ, ಮರುಭೂಮಿಗೂ ಹೊಂದುವ ಒಂದು ಸರಾಸರಿ ಲೆಕ್ಕ ತುಂಬಿ ಕಳಿಸಿರುತ್ತಾರೆ. ಗಂಗಪ್ಪ ಆ ಲೆಕ್ಕವನ್ನು ಬಿಚ್ಚಿ, ಹುಬ್ಬಳ್ಳಿಯ ಬಿಸಿಲಿಗೆ, ಇಲ್ಲಿಯ ರಸ್ತೆಗೆ, ಇಲ್ಲಿಯ ಮಂದಿಯ ಕಾಲಿಗೆ ಹೊಂದುವ ಹಾಗೆ ಕೂಡಿಸಿ ಕಳೆದು ಕೂರಿಸುತ್ತಾನೆ. ಅದೇ ಎಣ್ಣೆಯಲ್ಲಿ ಗಾಡಿ ಮೊದಲಿಗಿಂತ ದೂರ ಹೋಗುತ್ತದೆ.

ಎಷ್ಟು ದೂರ ಅಂದರೆ, ದುರ್ಗದಬೈಲಿನ ಚಹಾದಂಗಡಿಯವರನ್ನು ಕೇಳಬೇಕು. ಗಂಗಪ್ಪ ಮುಟ್ಟಿದ ಗಾಡಿಗೆ ಪೆಟ್ರೋಲು ಹಾಕುವ ಅಗತ್ಯವೇ ಇಲ್ಲ, ಪಂಪಿನ ಮುಂದೆ ಹಾದು ವಾಸನೆ ತೋರಿಸಿದರೆ ಸಾಕು ಎನ್ನುತ್ತಾರೆ ಕೆಲವರು. ಒಬ್ಬನಂತೂ ಟ್ಯಾಂಕು ತುಂಬಿಸಿಕೊಂಡು ಗೋವಾಕ್ಕೆ ಹೋಗಿ ಬರುವಷ್ಟರಲ್ಲಿ ಟ್ಯಾಂಕು ತುಳುಕಿ, ಮನೆಯ ಮುಂದೆ ಕೊಡ ಹಿಡಿಯಬೇಕಾಯಿತಂತೆ. ಕೊಡ ಹಿಡಿದವರನ್ನು ಕಂಡವರಿದ್ದಾರೆ.

"ಯಾರ್ರಿ ಹಂಗ ಹೇಳಿದವ್ರು?" ಎಂದು ಗಂಗಪ್ಪ ಗಾಬರಿಯಾಗುತ್ತಾನೆ. "ಲೀಟರಿಗೆ ಒಂದೂವರಿ, ಭಾಳ ಅಂದ್ರ ಎರಡು ಕಿಲೋಮೀಟರ್ ಹೆಚ್ಚಿಗಿ ಬರ್ತೈತಿ. ಅದಕ್ಕಿಂತ ಹೆಚ್ಚಿಗಿ ಕೊಡ್ತೇನಿ ಅಂದವ ಒಂದೋ ಸುಳ್ಳ ಹೇಳಾಕತ್ತಾನ, ಇಲ್ಲಾ ಎಂಜಿನ್ ಸುಡಾಕತ್ತಾನ."

ದಿನಕ್ಕೆ ಮೂರು ಗಾಡಿ, ಹೆಚ್ಚೆಂದರೆ ನಾಲ್ಕು. ಅದಕ್ಕಿಂತ ಹೆಚ್ಚು ಮುಟ್ಟುವುದಿಲ್ಲ. ಹೊಗೆ ತಪಾಸಣೆಯಲ್ಲಿ ಪಾಸಾಗದ ಹಾಗೆ ಏನನ್ನೂ ತಿರುಚುವುದಿಲ್ಲ. ಕರಿ ಹೊಗೆ ಉಗುಳಿಸಿ, ಗಾಡಿಯನ್ನು ಹಾರಿಸಬೇಕೆಂದು ಬರುವ ತರುಣರಿಗೆ ಅವನ ಉತ್ತರ ಸಿದ್ಧವಿರುತ್ತದೆ: "ತಮ್ಮಾ, ಪವರ್ ಬೇಕಂದ್ರ ಜಿಮ್ಮಿಗೆ ಹೋಗು."

ಗಂಗಪ್ಪ ಕುಂದಗೋಳ ಕಡೆಯ ಹಳ್ಳಿಯವನು. ಮೀಸೆ ಮೂಡುವ ಮೊದಲೇ ಹುಬ್ಬಳ್ಳಿಗೆ ಬಂದು ಉಸ್ತಾದ ಮಕ್ತುಮಸಾಬನ ಗ್ಯಾರೇಜು ಸೇರಿದ. ಅದು ಕಾರ್ಬುರೇಟರುಗಳ ಕಾಲ. ಗಾಳಿ ಮತ್ತು ಪೆಟ್ರೋಲನ್ನು ಬೆರೆಸುವ ಆ ಹಿತ್ತಾಳೆಯ ಗಿಂಡಿಗೆ ಒಂದು ಸಣ್ಣ ತಿರುಪು ಇರುತ್ತಿತ್ತು. ಮಕ್ತುಮಸಾಬ ರಬ್ಬರ್ ಪೈಪಿನ ತುಂಡೊಂದನ್ನು ಕಿವಿಗಿಟ್ಟುಕೊಂಡು, ಇನ್ನೊಂದು ತುದಿಯನ್ನು ಎಂಜಿನ್ನಿನ ಬಾಯಿಗಿಟ್ಟು, ತಿರುಪನ್ನು ಕೂದಲೆಳೆಯಷ್ಟು ತಿರುವುತ್ತಿದ್ದ. ಎಂಜಿನ್ನು ಆಡುವ ಮಾತು ಅವನಿಗೆ ತಿಳಿಯುತ್ತಿತ್ತು. ಶಿಷ್ಯನಿಗೂ ಆ ಪೈಪನ್ನೂ ಆ ಕಿವಿಯನ್ನೂ ದಾಟಿಸಿಯೇ ಕಣ್ಣು ಮುಚ್ಚಿದ. ಗಂಗಪ್ಪನ ಕಿವಿ ಎಷ್ಟು ಚುರುಕೆಂದರೆ, ಬೈಪಾಸಿನಲ್ಲಿ ಹೋಗುವ ಲಾರಿಯ ಸದ್ದು ಕೇಳಿ ಡ್ರೈವರು ಊಟ ಮಾಡಿದ್ದಾನೋ ಇಲ್ಲವೋ ಎಂದು ಹೇಳಬಲ್ಲ.

ಆಮೇಲೆ ಕಂಪ್ಯೂಟರಿನ ಕಾರುಗಳು ಬಂದವು. ಕಾರ್ಬುರೇಟರು ಹೋಯಿತು, ತಿರುಪು ಹೋಯಿತು, ಕಿವಿಗೆ ಕೆಲಸವಿಲ್ಲದಾಯಿತು. "ಬಾನೆಟ್ ತಗದು ನೋಡಿದ್ರ ಒಳಗ ಬರೇ ಪ್ಲಾಸ್ಟಿಕ್ಕು. ತಿರುವಾಕ ಒಂದ ಸ್ಕ್ರೂ ಇಲ್ಲ. ಯಾರದೋ ಮನಿಗೆ ಬಂದು ಬಾಗಲಾ ಯಾವ ಕಡೆ ಐತಿ ಅಂತ ಹುಡುಕಿದಂಗ ಆಗಿತ್ತು," ಎಂದು ನೆನೆಯುತ್ತಾನೆ. ಕೆಲವು ವರ್ಷ ಪೆಟ್ರೋಲ್ ಪಂಪಿನಲ್ಲಿ ಪೈಪು ಹಿಡಿದು ನಿಂತ. ಬಂದ ಪ್ರತಿಯೊಬ್ಬನೂ ಮೀಟರಿನ ಕಡೆ ನೋಡಿ ಗಾಡಿಯನ್ನು ಬೈಯುವುದನ್ನು ಕೇಳುತ್ತ ಕೇಳುತ್ತ, ಜಗತ್ತಿನ ಅರ್ಧ ಸಂಕಟ ಮೈಲೇಜಿನದು ಎಂಬುದು ಅವನಿಗೆ ಅಲ್ಲಿಯೇ ಮನದಟ್ಟಾಯಿತು. ಉಳಿದರ್ಧ ಯಾವುದರದೆಂದು ಅವನು ಇನ್ನೂ ತನಿಖೆ ಮಾಡಿಲ್ಲ.

ಧಾರವಾಡದಲ್ಲಿ ಈ ಡಬ್ಬಿಗಳ ವಿದ್ಯೆ ಹೇಳಿಕೊಡುವ ತರಗತಿಯೊಂದು ಶುರುವಾದಾಗ ಗಂಗಪ್ಪ ಹೋಗಿ ಮೊದಲ ಬೆಂಚಿನಲ್ಲಿ ಕುಳಿತ. ತಲೆಯಲ್ಲಿ ಬಿಳಿ ಕೂದಲಿದ್ದ ವಿದ್ಯಾರ್ಥಿ ಅವನೊಬ್ಬನೇ. ಪರದೆಯ ಮೇಲೆ ಚೌಕ ಚೌಕ ಮನೆಗಳು, ಮನೆಗೊಂದು ಅಂಕಿ. ಎಂಜಿನ್ನು ಇಷ್ಟು ವೇಗವಾಗಿ ತಿರುಗುವಾಗ, ಇಷ್ಟು ಭಾರ ಇರುವಾಗ, ಇಷ್ಟು ಎಣ್ಣೆ. ಮೊದಲ ವಾರ ಅವನಿಗೆ ಇದು ಪಂಚಾಂಗದ ಹಾಗೆ ಕಂಡಿತು. ಎರಡನೇ ವಾರ ಒಮ್ಮೆಲೇ ಹೊಳೆಯಿತು.

"ಇದು ಹೊಲಾರಿ," ಎನ್ನುತ್ತಾನೆ, ಪರದೆಯ ಮೇಲೆ ಬೆರಳಾಡಿಸಿ. "ಇವು ಮಡಿಗೋಳು. ಈ ಮಡಿಗೆ ಎಷ್ಟು ನೀರು, ಆ ಮಡಿಗೆ ಎಷ್ಟು. ಕಂಪನಿಯವ್ರು ಎಲ್ಲಾ ಮಡಿಗೂ ಕಾಲುವಿ ಒಡದು ಬಿಟ್ಟಿರ್ತಾರ. ನಾ ಎಲ್ಲಿ ನೀರು ನಿಂತೈತಿ ನೋಡಿ ಅಲ್ಲಿ ಒಂದು ಮಣ್ಣಿನ ಹೆಂಟಿ ಇಡ್ತೇನಿ. ಅಷ್ಟ."

ದೇವಕ್ಕನ ಮೊರದ ಕಥೆ ಇದಕ್ಕೆ ಅಂಟಿಕೊಂಡೇ ಹುಟ್ಟಿದ್ದು. ಗಾಡಿಯನ್ನು ಓಡಿಸಿ ನೋಡುವಾಗ ಮುಂದಿನ ಸೀಟಿನಲ್ಲೊಬ್ಬರ ಭಾರ ಬೇಕಿತ್ತು. ಗಂಗಪ್ಪ ಹೆಂಡತಿಯನ್ನು ಕರೆದ. ದೇವಕ್ಕ ಬೇಳೆ ಆರಿಸುತ್ತಿದ್ದಳು. "ನಿನ್ನ ಗಾಡಿ ಓಡೂದಕ್ಕ ನನ್ನ ಕೆಲಸ ಯಾಕ ನಿಂದರಬೇಕು?" ಎಂದು ಮೊರ ಸಮೇತ ಹತ್ತಿ ಕುಳಿತಳು. ಒಂದು ಸುತ್ತು ಮುಗಿಯುವುದರೊಳಗೆ, ಲ್ಯಾಪ್‌ಟಾಪಿಗೆ ಗೊತ್ತಾಗದ್ದು ಮೊರಕ್ಕೆ ಗೊತ್ತಾಗಿತ್ತು. ಬ್ರೇಕನ್ನು ಒದ್ದು ಹಾಕುವವನ ಗಾಡಿಯಲ್ಲಿ ಬೇಳೆ ಮುಂದಕ್ಕೆ ಉರುಳುತ್ತದೆ. ಎಕ್ಸಲರೇಟರನ್ನು ತುಳಿದು ಹೊಸಕುವವನ ಗಾಡಿಯಲ್ಲಿ ಹಿಂದಕ್ಕೆ. ಎಣ್ಣೆ ಸೋರುತ್ತಿರುವುದು ಡಬ್ಬಿಯಿಂದಲ್ಲ, ಡ್ರೈವರನ ಅಂಗಾಲಿನಿಂದ.

ಅಂದಿನಿಂದ ಇಂದಿನವರೆಗೆ ದೇವಕ್ಕ ಪರರ ಕಾರಿನಲ್ಲಿ ಕುಳಿತು ಆರಿಸಿದ ಬೇಳೆಯಿಂದ ಸಾರು ಮಾಡಿದರೆ ಉಣಕಲ್ ಕೆರೆ ತುಂಬಿ ಕೋಡಿ ಬೀಳುತ್ತದೆ. ಬೇಳೆ ಅಲುಗಿದರೆ ಗಂಗಪ್ಪ ಲ್ಯಾಪ್‌ಟಾಪನ್ನು ತೆರೆಯುವುದೇ ಇಲ್ಲ. ಗಿರಾಕಿಗೆ ಒಂದು ಕಪ್ಪು ಚಹಾ ಕುಡಿಸಿ, ಕಾಲು ಹಗುರ ಮಾಡಿಕೊಂಡು ಮುಂದಿನ ತಿಂಗಳು ಬಾ ಎಂದು ಕಳಿಸುತ್ತಾನೆ. ಅರ್ಧಕ್ಕರ್ಧ ಮಂದಿ ತಿರುಗಿ ಬರುವುದಿಲ್ಲ. ಕಾಲಿನಲ್ಲೇ ಗುಣವಾಗಿರುತ್ತದೆ.

ಹತ್ತಿ ವ್ಯಾಪಾರಿ ನೀಲಕಂಠಪ್ಪನವರ ಪ್ರಸಂಗ ಊರಿಗೇ ಗೊತ್ತು. ದೊಡ್ಡ ಗಾಡಿ, ದೊಡ್ಡ ಮನುಷ್ಯರು. ಮೊದಲ ಬ್ರೇಕಿಗೇ ಮೊರದ ಬೇಳೆಯೆಲ್ಲ ಗಾಜಿಗೆ ಹೋಗಿ ಬಡಿಯಿತು. ದೇವಕ್ಕ ಗಾಡಿಯ ನೆಲದಿಂದ ಒಂದೊಂದೇ ಬೇಳೆ ಆರಿಸಿಕೊಳ್ಳುತ್ತ, "ಸಾವ್ಕಾರ್ರ, ನಿಮ್ಮ ಗಾಡಿಗೆ ಏನೂ ಆಗಿಲ್ಲ ಬಿಡ್ರಿ. ನಿಮ್ಮ ಬಲಗಾಲು ದಿಮಾಕ ಮಾಡಾಕತ್ತೈತಿ," ಎಂದಳಂತೆ.

"ಸಿಟ್ಟು ಬಂತ್ರಿ, ಖರೇ ಹೇಳ್ತೇನಿ," ಎನ್ನುತ್ತಾರೆ ನೀಲಕಂಠಪ್ಪ, ಹೊಟ್ಟೆ ಕುಣಿಸಿ ನಗುತ್ತ. "ಆದ್ರ ಆವತ್ತಿನಿಂದ ಏನಾಗೇತಿ ಅಂದ್ರ, ನಾ ಬ್ರೇಕ್ ಮ್ಯಾಲ ಕಾಲಿಟ್ರ ಸಾಕು, ಬಾಜೂಕಿನ ಖಾಲಿ ಸೀಟಿನ್ಯಾಗ ದೇವಕ್ಕ ಮೊರಾ ಹಿಡ್ಕೊಂಡು ಕುಂತಂಗ ಅನಸ್ತೈತಿ. ಕಾಲು ತಾನ ಹಗರಾಗಿ ಬಿಡ್ತೈತಿ."

ಇಂಥ ಹೆಸರಿರುವ ಗಂಗಪ್ಪನಿಗೆ ಒಂದೇ ಒಂದು ನೇಮ. ತಾನು ಮುಟ್ಟಿದ ಗಾಡಿ ಮೊದಲಿಗಿಂತ ಹೆಚ್ಚು ಓಡಲಿಲ್ಲ ಎಂದು ಗಿರಾಕಿ ಬಂದು ಹೇಳಿದರೆ, ಬೋರ್ಡನ್ನು ಗೋಡೆಗೆ ಮುಖ ಮಾಡಿ ತೂಗುಹಾಕುವುದು. ಆ ಗಾಡಿ ಸರಿಹೋಗುವವರೆಗೆ ಬೇರೆ ಗಾಡಿ ಮುಟ್ಟುವುದಿಲ್ಲ. ಸರಿಹೋದ ಮೇಲೆ ಆ ಗಿರಾಕಿಯೇ ತನ್ನ ಕೈಯಾರೆ ಬೋರ್ಡನ್ನು ತಿರುಗಿಸಬೇಕು. ನೇಮ ಹಾಕಿಕೊಂಡಾಗಿನಿಂದ ಬೋರ್ಡು ಒಮ್ಮೆಯೂ ಹೊರಳಿರಲಿಲ್ಲ. ಅದರ ಹಿಂದೆ ಗುಬ್ಬಿಗಳು ಮೂರು ತಲೆಮಾರು ಸಂಸಾರ ಮಾಡಿದ್ದವು.

ಮೂರು ವಾರದ ಹಿಂದೆ ಆ ಗುಬ್ಬಿಗಳು ಮನೆ ಖಾಲಿ ಮಾಡಬೇಕಾಯಿತು. ಗಾಡಿ ತಿದ್ದಿಸಿಕೊಂಡು ಹೋಗಿದ್ದ ಇಮಾಮಹುಸೇನ ಬಂದು, ತಲೆ ಕೆರೆದುಕೊಂಡು, ಅತ್ತ ಇತ್ತ ನೋಡಿ, "ಗಂಗಣ್ಣಾ, ಹೇಳಬಾರದು… ಮೊದಲ ಒಂಬತ್ತು ಕೊಡ್ತಿತ್ತು. ಈಗೂ ಒಂಬತ್ತ," ಎಂದ. ಗಂಗಪ್ಪ ಏಣಿ ಹಾಕಿ ಬೋರ್ಡು ಹೊರಳಿಸಿದ. ಮತ್ತೆ ಗಾಡಿ ಇಸಿದುಕೊಂಡು, ಮತ್ತೆ ಬೈಪಾಸಿನಲ್ಲಿ ಓಡಿಸಿ, ಮತ್ತೆ ಮಡಿಗಳನ್ನು ತಿದ್ದಿದ. ಆಗಲೂ ಒಂಬತ್ತು. ಮೂರನೆಯ ಸಲವೂ ಒಂಬತ್ತು.

ಅಷ್ಟರಲ್ಲಿ ಸುದ್ದಿ ಊರೆಲ್ಲ ಹಬ್ಬಿತು. ಹಬ್ಬಿಸಿದ್ದು ಇಮಾಮಹುಸೇನನಲ್ಲ, ಅವನು ಈ ವಿಷಯದಲ್ಲಿ ಮೈಕು ಮುಟ್ಟಲಿಲ್ಲ. ಆದರೆ ಗಬ್ಬೂರಿನಲ್ಲಿ ಬೋರ್ಡೊಂದು ಬೆನ್ನು ತೋರಿಸಿದರೆ ದುರ್ಗದಬೈಲಿನ ಚಹಾದ ಕಪ್ಪಿಗೆ ಅದು ಹೇಗೋ ಗೊತ್ತಾಗಿಬಿಡುತ್ತದೆ. ಕೆಲಸಕ್ಕೆ ಬಂದ ಗಾಡಿಗಳು ಬೋರ್ಡಿನ ಬೆನ್ನು ನೋಡಿ ಹಾಗೆಯೇ ತಿರುಗಿಸಿಕೊಂಡು ಹೋದವು. ಗಂಗಪ್ಪ ಊಟ ಕಡಿಮೆ ಮಾಡಿದ. ಮಾತಂತೂ ಮೊದಲೇ ಕಡಿಮೆ.

"ಇವತ್ತೂ ಆಗಲಿಲ್ಲಂದ್ರ ಬೋರ್ಡು ಇಳಸ್ತೇನಿ," ಎಂದು ಇವತ್ತು ನಸುಕಿನಲ್ಲಿ ಹೆಂಡತಿಗೆ ಹೇಳಿದ್ದಾನೆ. "ಲ್ಯಾಪ್‌ಟಾಪು ಕಟ್ಟಿ ಇಡ್ತೇನಿ. ಪಂಕ್ಚರ್ ಹಾಕ್ಕೊಂಡು ಇರೂಣು. ಗೊತ್ತಿರದ ಕೆಲಸಾ ಗೊತ್ತೈತಿ ಅಂತ ಮಾಡೂದು ನನ್ನ ಕೈಲೆ ಆಗಂಗಿಲ್ಲ."

"ಮೊದಲ ಗಾಡಿ ಹತ್ತು," ಎಂದಿದ್ದಾಳೆ ದೇವಕ್ಕ.

ಹೀಗೆ ಈ ಬೆಳಗಿನ ಸವಾರಿ ನಾಲ್ಕನೆಯದು. ವ್ಯಾನು ಬೈಪಾಸಿನ ಇನ್ನೊಂದು ತುದಿಯ ನರೇಂದ್ರ ಊರಿನ ಕಡೆಗೆ ಅರ್ಧ ದಾರಿ ಹೋಗಿ ತಿರುಗುತ್ತದೆ. ಮೊರದಲ್ಲಿ ಒಂದು ಬೇಳೆಯೂ ಅಲುಗುವುದಿಲ್ಲ. ಇಮಾಮಹುಸೇನನ ಕಾಲು ಬೆಣ್ಣೆಯ ಮೇಲೆ ಇಟ್ಟರೂ ಗುರುತು ಮೂಡದಂಥ ಕಾಲು. ಪರದೆಯ ಮೇಲೆ ಅಂಕಿಗಳು ಸಾಲಾಗಿ, ಶಾಲೆಯ ಮಕ್ಕಳ ಹಾಗೆ ಶಿಸ್ತಾಗಿ ನಿಂತಿವೆ. ತಪ್ಪು ಎಂಬುದು ಎಲ್ಲಿಯೂ ಇಲ್ಲ. ತಪ್ಪಿಲ್ಲದ್ದನ್ನು ತಿದ್ದುವುದು ಹೇಗೆ? ಗಂಗಪ್ಪನ ಮುಖ ತಗಡಿನ ಬೋರ್ಡಿನ ಹಿಂಭಾಗದ ಹಾಗೆಯೇ ಆಗಿದೆ.

ಇಮಾಮಹುಸೇನ ಗಡಿಯಾರ ನೋಡಿಕೊಳ್ಳುತ್ತಾನೆ. ದುರ್ಗದಬೈಲಿನ ಸೀರೆ ಅಂಗಡಿಯ ಪ್ರಚಾರಕ್ಕೆ ಹೊತ್ತಾಗಿದೆ. "ಅಣ್ಣಾ, ನಿಮ್ಮನ್ನ ಗಬ್ಬೂರಿಗೆ ಬಿಟ್ಟು ಹೋಗ್ಲೇನು?"

"ಬ್ಯಾಡ, ದುರ್ಗದಬೈಲಿಗೇ ನಡಿ," ಎನ್ನುತ್ತಾಳೆ ದೇವಕ್ಕ. "ಹೆಂಗೂ ಹೊಂಟೀ. ಒಂದೀಟು ಕಾಯಿಪಲ್ಲೆ ತೊಗೊಂಡು ಟಮ್‌ಟಮ್ ಹಿಡ್ಕೊಂಡು ಬರ್ತೇವಿ."

ವ್ಯಾನು ಊರೊಳಗೆ ಹೊಕ್ಕು, ದುರ್ಗದಬೈಲಿನ ಇಕ್ಕಟ್ಟಿನಲ್ಲಿ ಇರುವೆಯ ಹಿಂದೆ ಇರುವೆಯಾಗಿ ನಡೆಯುತ್ತಿರುವಾಗ ಫೋನು ಬರುತ್ತದೆ. ಸೀರೆ ಅಂಗಡಿಯವರ ದನಿ ಫೋನು ಒಡೆದುಕೊಂಡು ಹೊರಬೀಳುತ್ತದೆ: "ಎಲ್ಲಿ ಸತ್ತೀಯೋ ಮಾರಾಯಾ! ಅಂಗಡಿ ತಗದು ಕುಂತೇನಿ, ನಿನ್ನ ದನಿ ಕೇಳವಲ್ದು!"

ಇಮಾಮಹುಸೇನ ಸಂಕೋಚದಿಂದ ಕುಗ್ಗಿಹೋಗುತ್ತಾನೆ. "ಅಕ್ಕಾ, ತಪ್ಪ ತಿಳ್ಕೋಬ್ಯಾಡ್ರಿ. ಸೇಠ್ ಬೊಬ್ಬಿ ಹೊಡ್ಯಾಕತ್ತಾನ. ಮೈಕ್ ಹಚ್ತೇನಿ, ಸ್ವಲ್ಪ ಕಿವಿ ಮುಚ್ಕೋರಿ." ಆಮೇಲೆ ಗುಂಡಿ ಒತ್ತುತ್ತಾನೆ.

"ಮಹನೀಯರೇ, ಮಹಿಳೆಯರೇ! ಇಂದೇ ಬನ್ನಿ, ಈಗಲೇ ಬನ್ನಿ!"

ಆ ದನಿಗೆ ದುರ್ಗದಬೈಲಿನ ಪಾರಿವಾಳಗಳೆಲ್ಲ ಎದ್ದು ಕಲಘಟಗಿ ಸೇರುತ್ತವೆ. ಕಿವಿ ಮುಚ್ಚಿಕೊಳ್ಳಲು ದೇವಕ್ಕನಿಗೆ ಕೈಯಿಲ್ಲ, ಎರಡೂ ಕೈ ಮೊರದ ಮೇಲಿವೆ. ಅವಳು ಕೆಳಗೆ ನೋಡುತ್ತಾಳೆ, ಕಣ್ಣು ದೊಡ್ಡದು ಮಾಡುತ್ತಾಳೆ.

"ಅಯ್ಯ! ಇಲ್ಲಿ ನೋಡ್ರಿ! ಮುಂದಕ್ಕೂ ಅಲ್ಲ, ಹಿಂದಕ್ಕೂ ಅಲ್ಲ, ಬ್ಯಾಳಿ ಮ್ಯಾಲಕ್ಕ ಜಿಗ್ಯಾಕತ್ತಾವು!"

ಗಂಗಪ್ಪ ಪರದೆ ನೋಡುತ್ತಾನೆ. ಶಿಸ್ತಾಗಿ ನಿಂತಿದ್ದ ಅಂಕಿಗಳು ಗಂಟೆ ಹೊಡೆದ ಶಾಲೆಯ ಮಕ್ಕಳಾಗಿವೆ. ಲ್ಯಾಪ್‌ಟಾಪನ್ನು ಬದಿಗೆ ತಳ್ಳಿ, ಜೇಬಿನಿಂದ ಉಸ್ತಾದನ ರಬ್ಬರ್ ಪೈಪನ್ನು ತೆಗೆಯುತ್ತಾನೆ. ಈ ವ್ಯಾನಿನಲ್ಲಿ ಎಂಜಿನ್ನು ಮುಂದಿನ ಸೀಟಿನ ಕೆಳಗೇ ಇದೆ. ಪೈಪಿನ ಒಂದು ತುದಿ ಕಿವಿಗೆ, ಇನ್ನೊಂದು ಸೀಟಿನ ಸಂದಿಗೆ.

"ಬಂದ್ ಮಾಡು!"

"ಸೀರೆಗಳ ಮೇಲೆ ಭಾರೀ—" ಎಂದು ಮೈಕು ನಿಲ್ಲುತ್ತದೆ. ಎಂಜಿನ್ನು ಸಮಾಧಾನದಿಂದ ಗುರುಗುಡುತ್ತದೆ.

"ಹಚ್ಚು!"

"—ರಿಯಾಯಿತಿ! ಒಂದು ತೆಗೆದುಕೊಂಡರೆ—"

"ಬಂದ್!"

ರಸ್ತೆಯಲ್ಲಿ ಚೀಲ ಹಿಡಿದು ನಿಂತಿದ್ದ ಹೆಂಗಸೊಬ್ಬಳು ವ್ಯಾನಿನ ಕಿಟಕಿಗೆ ಬಡಿಯುತ್ತಾಳೆ. "ಒಂದು ತೊಗೊಂಡ್ರ ಏನೋ ಯಪ್ಪಾ? ಮುಂದ ಹೇಳು!" ಆಗಲೇ ಸುತ್ತ ಜನ. ಹತ್ತು ಸಾವಿರ ಇದ್ದರು ಅಂದರೆ ಎಣಿಸಿದವರಾರು? ಹಿಂದಿನ ಗಾಡಿಗಳು ಹಾರ್ನು ಬಾರಿಸುತ್ತಿವೆ. ಗಂಗಪ್ಪನಿಗೆ ಇದ್ಯಾವುದೂ ಕೇಳುತ್ತಿಲ್ಲ. ಅವನಿಗೆ ಕೇಳುತ್ತಿರುವುದು ಒಂದೇ. ಇಮಾಮಹುಸೇನ ಕೂಗಿದಾಗಲೊಮ್ಮೆ ಎಂಜಿನ್ನಿನ ಉಸಿರು ಕಟ್ಟುತ್ತಿದೆ. ಮರುಕ್ಷಣವೇ ಅದು ಗಟಗಟ ಪೆಟ್ರೋಲು ಕುಡಿಯುತ್ತಿದೆ.

ಸಂಗತಿ ಇಷ್ಟೇ. ನಾಲ್ಕು ಧ್ವನಿವರ್ಧಕಗಳಿಗೆ ಬೇಕಾದ ಕರೆಂಟನ್ನು ಎಂಜಿನ್ನೇ ತಿರುಗಿ ತಿರುಗಿ ಹುಟ್ಟಿಸಬೇಕು. ಗಾಡಿ ಓಡುತ್ತಿದ್ದರೆ ಅದೊಂದು ಭಾರವಲ್ಲ. ಆದರೆ ಪ್ರಚಾರದ ಗಾಡಿ ಓಡುವುದಿಲ್ಲ, ತೆವಳುತ್ತದೆ. ತೆವಳುವ ಎಂಜಿನ್ನಿನ ಮೇಲೆ ಪ್ರತಿ ಕೂಗಿಗೂ ಒಂದು ಮೂಟೆ ಬಿದ್ದಂತಾಗುತ್ತದೆ. ಎಂಜಿನ್ನು ಸಾಯುತ್ತಿದೆ ಎಂದು ಕಂಪ್ಯೂಟರು ಹೆದರಿ ಎಣ್ಣೆ ಸುರಿಯುತ್ತದೆ. ಸುರಿಯುವಷ್ಟರಲ್ಲಿ ಕೂಗು ಮುಗಿದು, ಸುರಿದ ಎಣ್ಣೆ ದಂಡವಾಗುತ್ತದೆ. ದಿನವಿಡೀ ಇದೇ ಹಾಡು.

ಗಂಗಪ್ಪ ಪೈಪು ಕೆಳಗಿಟ್ಟು, ಮುಂದಕ್ಕೆ ಬಾಗಿ, ಇಮಾಮಹುಸೇನನ ಹೆಗಲು ಹಿಡಿದು ಅಲುಗಿಸುತ್ತಾನೆ. ಆ ಹೊತ್ತಿಗೆ ಮೈಕು ಹಚ್ಚಿಯೇ ಇದೆ ಎಂಬುದು ಇಬ್ಬರಿಗೂ ನೆನಪಿಲ್ಲ.

"ಹುಚ್ಚಪ್ಯಾಲಿ! ಮೂರು ವಾರಾತು ನಿನ್ನ ಗಾಡಿ ಓಡಸಾಕತ್ತು! ಒಮ್ಮೆರ ಮೈಕ್ ಹಚ್ಚಬಾರದಿತ್ತೇನೋ!" ಎಂಬುದು ದುರ್ಗದಬೈಲಿನ ನಾಲ್ಕೂ ದಿಕ್ಕಿಗೆ ಮೊಳಗುತ್ತದೆ.

"ಅಕ್ಕಾರು ಬಾಜೂಕ ಕುಂತಿದ್ರು ಅಣ್ಣಾ! ಹೆಣಮಕ್ಕಳ ಕಿವ್ಯಾಗ ಮೈಕ್ ಹಚ್ಚಿ ಒದರೂದು ನಮ್ಮ ಮನಿ ಮರ್ಯಾದಿ ಅಲ್ಲ! ನೀವೂ ಹಚ್ಚು ಅನ್ನಲಿಲ್ಲ!" ಇದೂ ಮೊಳಗುತ್ತದೆ.

ಬಜಾರೆಲ್ಲ ವ್ಯಾನಿನ ಕಡೆ ತಿರುಗುತ್ತದೆ. ಗಂಗಪ್ಪ ಆಗ ಮೈಕನ್ನು ಕಂಡು ಬೆಚ್ಚುತ್ತಾನೆ. ಗುಂಡಿ ಒತ್ತಿ ಬಂದ್ ಮಾಡಬಹುದಿತ್ತು. ಮಾಡುವುದಿಲ್ಲ. ಮೈಕಿನ ಹತ್ತಿರ ಬಾಯಿ ತಂದು, ಮೆಲ್ಲಗೆ ಹೇಳುತ್ತಾನೆ: "ಹೌದಪಾ. ನಾ ಕೇಳಲಿಲ್ಲ. ತಪ್ಪು ನಂದು."

ದುರ್ಗದಬೈಲಿನಲ್ಲಿ ಇದಕ್ಕಿಂತ ಮೆಲುದನಿಯ ಪ್ರಚಾರ ಹಿಂದೆಂದೂ ನಡೆದಿಲ್ಲ. ಚೀಲದ ಹೆಂಗಸು ಮಾತ್ರ ಇನ್ನೂ ಕಿಟಕಿ ಬಿಟ್ಟಿಲ್ಲ. "ಅದೆಲ್ಲಾ ಇರ್ಲಿ, ಒಂದು ತೊಗೊಂಡ್ರ ಏನು?"

ಆಮೇಲಿನದು ಎರಡು ದಿನದ ಕೆಲಸ. "ಅವನ ಗಾಡಿ ಹೊಲದ ಒಂದ ಮೂಲ್ಯಾಗ ದುಡೀತೈತಿ," ಎನ್ನುತ್ತಾನೆ ಗಂಗಪ್ಪ. "ನಾ ಇಡೀ ಹೊಲಾ ಹಸನ ಮಾಡಿ ಆ ಮೂಲಿ ಒಂದು ಬಿಟ್ಟಿದ್ದೆ." ಆ ಮೂಲೆಯ ನಾಲ್ಕಾರು ಮಡಿಗಳನ್ನು ಅವನು ಹೊಸದಾಗಿ ಕಟ್ಟುತ್ತಾನೆ. ಮೈಕಿನ ಹೊರೆ ಬಿದ್ದಾಗ ಗಾಬರಿಯಾಗಬಾರದೆಂದು ಕಂಪ್ಯೂಟರಿಗೆ ಕಲಿಸುತ್ತಾನೆ. ಧ್ವನಿವರ್ಧಕಗಳಿಗೆ ಬೇರೆಯದೇ ಒಂದು ಬ್ಯಾಟರಿ ಕೂರಿಸುತ್ತಾನೆ. ರಾತ್ರಿ ಗಾಡಿ ಮನೆಯಲ್ಲಿ ನಿಂತಾಗ ಅದು ಮನೆಯ ಕರೆಂಟು ಉಂಡು ತೇಗಿ, ಬೆಳಿಗ್ಗೆ ಎಂಜಿನ್ನಿನ ಹೆಗಲ ಭಾರ ಹಂಚಿಕೊಳ್ಳುತ್ತದೆ. ಈ ಎರಡೂ ದಿನ ದೇವಕ್ಕ ಮುಂದಿನ ಸೀಟಿನಲ್ಲಿ ಕಿವಿಗೆ ಹತ್ತಿ ತುರುಕಿಕೊಂಡು ಕುಳಿತಿರುತ್ತಾಳೆ. ಹತ್ತಿ ನೀಲಕಂಠಪ್ಪನವರ ಅಂಗಡಿಯದು, ಸ್ವತಃ ಕಳಿಸಿಕೊಟ್ಟಿದ್ದಾರೆ.

"ಸ್ವಲ್ಪ ದನಿ ಇಳಸಿದ್ರ ಇನ್ನೂ ಅರ್ಧ ಕಿಲೋಮೀಟರ್ ಬರ್ತೈತಿ ನೋಡು," ಎಂದು ಗಂಗಪ್ಪ ಕೊನೆಗೊಮ್ಮೆ ಕೇಳಿ ನೋಡುತ್ತಾನೆ.

"ಕಂಪ್ಯೂಟರ್ ಇಳಸು ಅಣ್ಣಾ, ಟೈರ್ ಇಳಸು, ಬೇಕಾದ್ರ ನನ್ನ ಇಳಸು," ಎನ್ನುತ್ತಾನೆ ಇಮಾಮಹುಸೇನ. "ದನಿ ಮಾತ್ರ ಕೇಳಬ್ಯಾಡ."

ಮುಂದಿನ ವಾರ ಇಮಾಮಹುಸೇನ ಎಂದಿನಂತೆ ಗಲ್ಲಿ ಗಲ್ಲಿ ಕೂಗಿ, ಎಂದಿನಂತೆ ಟ್ಯಾಂಕು ತುಂಬಿಸಿ ನೋಡುತ್ತಾನೆ. ಮರುದಿನ ಬೆಳಕು ಹರಿಯುವ ಮೊದಲೇ ಗಬ್ಬೂರಿಗೆ ಬಂದು ಶೆಡ್ಡಿನ ಮುಂದೆ ವ್ಯಾನು ನಿಲ್ಲಿಸುತ್ತಾನೆ. ಏಣಿ ತಂದು ಗೋಡೆಗೆ ಆನಿಸಿ, ಹತ್ತಿ, ಬೋರ್ಡಿನ ಕೊಂಡಿ ಬಿಚ್ಚುತ್ತಾನೆ. ಗಂಗಪ್ಪ ಕೆಳಗೆ ಏಣಿ ಹಿಡಿದುಕೊಂಡು ನಿಂತಿದ್ದಾನೆ. ಬೋರ್ಡು ತಿರುಗುತ್ತದೆ. ಸೂರ್ಯ ಆಗಷ್ಟೇ ಹಾಜರಿ ಹಾಕಲು ಬಂದವನು ಅಕ್ಷರಗಳ ಮೇಲೆ ಬೀಳುತ್ತಾನೆ. ನೀಲಿ ತಗಡಿನ ಮೇಲೆ ಬಿಳಿ ಬಣ್ಣದಲ್ಲಿ, ಯಾವ ಬಡಿವಾರವೂ ಇಲ್ಲದೆ: 'ಗಂಗಪ್ಪ. ಗಾಡಿ ಮೈಲೇಜು ನೋಡಲಾಗುವುದು.'

ಇಮಾಮಹುಸೇನ ಏಣಿ ಇಳಿದವನೇ ವ್ಯಾನಿಗೆ ನುಗ್ಗಿ ಮೈಕು ಹಿಡಿಯುತ್ತಾನೆ. "ಸಾರ್ವಜನಿಕರ ಗಮನಕ್ಕೆ! ಗಬ್ಬೂರ ಗಂಗಪ್ಪನವರ ಕೈಚಳಕದಿಂದ ಮೈಲೇಜು ಡಬಲ್—"

"ಏ, ಏ! ಡಬಲ್ ಎಲ್ಲೈತೋ!" ಗಂಗಪ್ಪ ಓಡಿಹೋಗಿ ಮೈಕಿಗೆ ಕೈ ಅಡ್ಡ ಹಿಡಿಯುತ್ತಾನೆ. "ಎಷ್ಟು ಬಂತು?"

"ಹನ್ನೊಂದು."

"ಹಂಗಾರ ಎರಡು ಹೆಚ್ಚಿಗಿ ಬಂತು. ಅಷ್ಟ ಹೇಳು. ಹೇಳದಿದ್ರೂ ನಡೀತೈತಿ."

ಈ ಮನುಷ್ಯನ ಆಸೆ ಇಷ್ಟೇ ಇಷ್ಟು. ಬೋರ್ಡು ನೆಟ್ಟಗಿದ್ದರೆ ಸಾಕು. ಆಸೆ ಏನೆಂದು ದೇವಕ್ಕನನ್ನು ಇಷ್ಟು ವರ್ಷ ಯಾರೂ ಕೇಳಿರಲಿಲ್ಲ. ಇವತ್ತು ಇಮಾಮಹುಸೇನ ಕೇಳುತ್ತಾನೆ. ಅವಳು ಬೇಳೆ ಆರಿಸುತ್ತಲೇ, ತಲೆಯೆತ್ತದೆ ಹೇಳುತ್ತಾಳೆ: "ಹುಬ್ಬಳ್ಳ್ಯಾಗಿನ ಎಲ್ಲಾರ ಗಾಡ್ಯಾಗೂ ಕುಂತೇನಿ ನೋಡಪಾ. ಕಿಟಕಿ ಹೊರಗ ಏನೈತಿ ಅಂತ ಒಮ್ಮೆಯೂ ನೋಡಿಲ್ಲ. ಕಣ್ಣು ಮೊರದಾಗ. ಒಮ್ಮೆ ಮೊರಾ ಇಲ್ದ, ಸುಮ್ನ ಕೈ ಕಟ್ಕೊಂಡು, ಧಾರವಾಡಮಟ ಹೋಗಿ ಬರಬೇಕು."

"ಇವತ್ತು ನನ್ನ ಪ್ರಚಾರ ಧಾರವಾಡದಾಗ ಐತಿ ಅಕ್ಕಾ. ಹತ್ರಿ!"

ದೇವಕ್ಕ ಗಂಡನ ಮುಖ ನೋಡುತ್ತಾಳೆ. ಗಂಗಪ್ಪ ಎರಡೂ ಕೈ ಚಾಚಿ ಮೊರ ಇಸಿದುಕೊಳ್ಳುತ್ತಾನೆ. ಅವಳು ಸೆರಗು ಸರಿಮಾಡಿಕೊಂಡು ಮುಂದಿನ ಸೀಟಿನಲ್ಲಿ ಕುಳಿತು, ಖಾಲಿ ಮಡಿಲಲ್ಲಿ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ, ಕಿಟಕಿಯ ಮೇಲೆ ಇಡುತ್ತಾಳೆ. ವ್ಯಾನು ಹೊರಡುತ್ತದೆ. ಹೊರಡುವಾಗ ಇಮಾಮಹುಸೇನ ಅಭ್ಯಾಸಬಲದಿಂದ ಮೈಕು ಬಂದ್ ಮಾಡಿದ್ದಾನೆ, ಹೆಣ್ಣುಮಗಳು ಬದಿಗಿದ್ದಾಳಲ್ಲ.

"ಹಚ್ಚೋ ಮೈಕ್!" ಎಂದು ಗಂಗಪ್ಪ ಹಿಂದಿನಿಂದ ಕೂಗುತ್ತಾನೆ. ಮೈಲೇಜಿನ ಗಂಗಪ್ಪ ಹೀಗೆ ಗಂಟಲು ಹರಿದುಕೊಂಡದ್ದನ್ನು ಬೈಪಾಸು ಕೇಳಿದ್ದೇ ಇಲ್ಲ. ವ್ಯಾನಿನ ಕಿಟಕಿಯಿಂದ ದೇವಕ್ಕನ ಕೈಯೂ ಹೊರಬಂದು, ಹಚ್ಚು ಹಚ್ಚು ಎಂದು ಬೀಸುತ್ತದೆ. ಮೈಕು ಹತ್ತುತ್ತದೆ. ಬೈಪಾಸಿನ ಲಾರಿಗಳು ಬೆದರಿ ಎಡಕ್ಕೆ ಸರಿಯುತ್ತವೆ.

ಗಂಗಪ್ಪ ಬೋರ್ಡಿನ ಕೆಳಗೆ ಸ್ಟೂಲು ಹಾಕಿಕೊಂಡು, ಮೊರವನ್ನು ತೊಡೆಯ ಮೇಲಿಟ್ಟು ಹರಳು ಹುಡುಕುತ್ತ ಕೂರುತ್ತಾನೆ. ಬೆರಳು ಬೇಳೆಯಲ್ಲಿ, ಕಿವಿ ರಸ್ತೆಯಲ್ಲಿ. ದನಿ ಸಣ್ಣದಾಗುತ್ತ ಆಗುತ್ತ ಧಾರವಾಡದ ಕಡೆಗೆ ಹೋಗುತ್ತಿದೆ.

"ಊರೆಲ್ಲಾ ಅವನ ದನಿ ಕೇಳ್ತೈತಿ," ಎನ್ನುತ್ತಾನೆ. "ನಾ ಅದರ ಬುಡಕಿನ ಎಂಜಿನ್ ಕೇಳಾಕತ್ತೇನಿ. ಎಷ್ಟು ಒದರಿದ್ರೂ ಉಸರು ಕಟ್ಟವಲ್ದು ನೋಡ್ರಿ."